ಮೂರು ಬಾರಿ ಬದಲಾದ ಹೆಡ್ ಗ್ಯಾಸ್ಕೆಟ್ ಮತ್ತು ಕಾಣದೆ ಸೋರಿದ ನೀರು

ಈ ಪ್ರಕರಣದ ವಾಹನ ಗದಗ ಜಿಲ್ಲೆಯ ಒಂದು ಹಳ್ಳಿಯದು. ಎಂಜಿನ್ನಿನ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಮೂರನೆಯ ಸಲ ಕೆಟ್ಟ ಮೇಲೆ ಅದು ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಬಂತು. ಮಾಲೀಕರು, ಚಾಲಕ, ಮೊದಲೆರಡು ಸಲ ಕೆಲಸ ಮಾಡಿದ ಗ್ಯಾರೇಜು, ವಾಹನ ತಯಾರಿಸಿದ ಕಂಪನಿ ಇವುಗಳಲ್ಲಿ ಯಾವುದರ ಹೆಸರನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಮೂರನೆಯ ದುರಸ್ತಿಯನ್ನು ನಾನೇ ಮಾಡಿದ್ದೆ ಮತ್ತು ನನಗೆ ತಿಳಿದ ಮಟ್ಟಿಗೆ ತಪ್ಪಿಲ್ಲದೆ ಮಾಡಿದ್ದೆ. ಆದರೂ ರೋಗ ಎಲ್ಲಿದೆಯೋ ಅಲ್ಲಿಗೆ ನನ್ನ ಕೈ ಹೋಗಿರಲಿಲ್ಲ. ಇದನ್ನು ಬರೆಯಲು ಅದೇ ಕಾರಣ.

ವಾಹನ ಮತ್ತು ಅದರ ಹಿಂದಿನ ಎರಡು ದುರಸ್ತಿಗಳು

ಹತ್ತು ಜನ ಕೂರುವ, ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಗಾಡಿ ಅದು. ಮೂರು ಲಕ್ಷ ಕಿಲೋಮೀಟರ್ ದಾಟಿತ್ತು. ಸಿಲಿಂಡರುಗಳಿರುವ ಕೆಳಭಾಗ, ಅಂದರೆ ಬ್ಲಾಕ್, ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಬಿಸಿಯಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಇವೆರಡರ ನಡುವೆ ಕುಳಿತು ಸಂದಿ ಮುಚ್ಚುವ ತೆಳು ಹಾಳೆಯಾದ ಗ್ಯಾಸ್ಕೆಟ್ ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣ್ಣಗಾಗುವಾಗಲೂ ಎರಡು ಕಡೆಯ ಎಳೆತವನ್ನು ತಡೆದುಕೊಳ್ಳಬೇಕಾಗುತ್ತದೆ. ಒಮ್ಮೆ ಮಿತಿಮೀರಿ ಕಾಯ್ದರೆ ಇಂಥ ಹೆಡ್ ಬಾಗುವುದು ಅಪರೂಪವೇನಲ್ಲ.

ಮಾಲೀಕರ ಮನೆಯವರ ಹೊಲದ ಕೆಲಸಕ್ಕೂ, ಮದುವೆ, ಜಾತ್ರೆ, ಗೋಕರ್ಣದ ಯಾತ್ರೆಯಂಥ ಬಾಡಿಗೆಗೂ ಗಾಡಿ ಓಡುತ್ತಿತ್ತು. ಮೊದಲ ಸಲ ಅದು ಏಪ್ರಿಲ್ ತಿಂಗಳಲ್ಲಿ, ತುಂಬಿದ ಗಾಡಿಯೊಂದಿಗೆ ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿಯ ಹತ್ತಿರ ಕಾಯ್ದು ನಿಂತಿತು. ಅವರ ಊರಿನ ಸಮೀಪದ ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿ, ಅದರ ಮೇಲ್ಮೈ ಉಜ್ಜಿ ಸಮ ಮಾಡುವ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದರು. ಐದು ತಿಂಗಳಿಗೆ ಮತ್ತೆ ಅದೇ ಕಥೆ. ಎರಡನೆಯ ಸಲ ರೇಡಿಯೇಟರಿನ ಕೊಳವೆಗಳಿಗೆ ರಾಡ್ ಹೊಡೆಸಿ ಸ್ವಚ್ಛ ಮಾಡಿಸಿದರು ಮತ್ತು, ನಮ್ಮ ಕಡೆ ತುಂಬ ಜನ ಮಾಡುವಂತೆ, ಗಾಡಿ ತಂಪಾಗಿರಲಿ ಎಂದು, ನೀರಿನ ಬಿಸಿಗೆ ತಕ್ಕಂತೆ ರೇಡಿಯೇಟರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟನ್ನು ತೆಗೆದುಹಾಕಿದರು. ಈ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ಒಂದಿಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ತಂಪಿಗೆಂದು ಮಾಡಿದ ಕೆಲಸ ಘಟ್ಟದ ಏರಿನಲ್ಲಿ ತಿರುಗಿ ಬೀಳುವುದು ಹೀಗೆ.

ಮೂರನೆಯ ಸಲ ಫೆಬ್ರವರಿಯಲ್ಲಿ, ಗೋಕರ್ಣದಿಂದ ಮರಳುವಾಗ ಅರಬೈಲ ಘಟ್ಟದ ಏರಿನಲ್ಲಿ ಗಾಡಿ ನಿಂತಿತು. ಅಲ್ಲಿಂದ ಎಳೆಸಿಕೊಂಡು ನನ್ನ ಬಳಿ ತಂದರು.

ನಾನು ಮಾಡಿದ ದುರಸ್ತಿ

ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಬ್ಲಾಕ್ ಟೆಸ್ಟರಿನ ನೀಲಿ ದ್ರಾವಣ ಕೆಲವೇ ನಿಮಿಷಗಳಲ್ಲಿ ಹಸಿರಿಗೆ, ಆಮೇಲೆ ಹಳದಿಗೆ ತಿರುಗಿತು. ಅಂದರೆ ಸಿಲಿಂಡರಿನಲ್ಲಿ ಉರಿದ ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುತ್ತಿತ್ತು. ಗ್ಯಾಸ್ಕೆಟ್ ಹೋಗಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಹೆಡ್ ಇಳಿಸಿದಾಗ ಗ್ಯಾಸ್ಕೆಟ್ಟಿನ ಉಂಗುರ ನಾಲ್ಕನೆಯ ಸಿಲಿಂಡರಿನ ಹಿಂಬದಿಯಲ್ಲಿ ಸುಟ್ಟಿತ್ತು.

ಸ್ಟ್ರೇಟ್ ಎಡ್ಜ್ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ನೋಡಿದರೆ ಹೆಡ್ 0.15 ಮಿಲಿಮೀಟರ್ ಬಾಗಿತ್ತು. ಈ ಎಂಜಿನ್ನಿಗೆ ಮಿತಿ 0.05. ಅದನ್ನು ಲೇಥ್ ಅಂಗಡಿಗೆ ಕಳುಹಿಸಿ, ಬಿಸಿ ನೀರಿನಲ್ಲಿ ಗಾಳಿಯ ಒತ್ತಡ ಕೊಟ್ಟು ಬಿರುಕಿಲ್ಲ ಎಂದು ಖಾತ್ರಿ ಮಾಡಿಸಿಕೊಂಡು ಫೇಸಿಂಗ್ ಮಾಡಿಸಿದೆ. ಹಿಂದೆ ಎರಡು ಸಲ ಉಜ್ಜಿದ್ದ ಕಾರಣ, ಈ ಮೂರನೆಯದರ ನಂತರ ಅದರ ಎತ್ತರ ಕನಿಷ್ಠ ಮಿತಿಗಿಂತ ಕೂದಲೆಳೆಯಷ್ಟೇ ಹೆಚ್ಚು ಉಳಿಯಿತು. ಬ್ಲಾಕಿನ ಮೇಲ್ಮೈಯನ್ನು ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಅಳೆದೆ; ಎಲ್ಲಿಯೂ 0.04 ದಾಟಲಿಲ್ಲ. ಬೋಲ್ಟ್ ಕೂರುವ ತೂತುಗಳಲ್ಲಿ ನೀರು, ಎಣ್ಣೆ ನಿಂತಿದ್ದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಅದಕ್ಕಾಗಿ ಒಂದೊಂದನ್ನೂ ಗಾಳಿ ಹೊಡೆದು ಒಣಗಿಸಿದೆ. ಪಿಸ್ಟನ್ ಮೇಲಕ್ಕೆ ಎಷ್ಟು ಏಳುತ್ತದೆ ಎಂದು ಅಳೆದು ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಿದೆ. ಹೊಸ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿದೆ. 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ ಪರೀಕ್ಷಿಸಿ ಕೂರಿಸಿದೆ. ರೇಡಿಯೇಟರ್ ಮುಚ್ಚಳ ಹೊಸದು, ಎಂಜಿನ್ ತಂಪಿಡುವ ದ್ರವವಾದ ಕೂಲಂಟ್ ಹೊಸದು.

ಗಾಡಿ ಒಯ್ಯಲು ಬಂದ ಮಾಲೀಕರು, ಎರಡನೆಯ ಸಲ ತೆಗೆದಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಮನೆಯಿಂದ ತಂದು ತೋರಿಸಿದರು. ಅದೂ ನಾಲ್ಕನೆಯ ಸಿಲಿಂಡರಿನ ಹಿಂಬದಿಯಲ್ಲೇ ಸುಟ್ಟಿತ್ತು. ಅದನ್ನು ನೋಡಿ ‘ಹಿಂದಿನವರು ಹಿಂಬದಿಯ ಬೋಲ್ಟುಗಳನ್ನು ಸರಿಯಾಗಿ ಬಿಗಿದಿರಲಿಕ್ಕಿಲ್ಲ’ ಎಂದುಕೊಂಡು ಸುಮ್ಮನಾದೆ. ಎರಡು ಬೇರೆ ಗ್ಯಾಸ್ಕೆಟ್ಟುಗಳು, ನಡುವೆ ಹೊಸದಾಗಿ ಉಜ್ಜಿದ ಹೆಡ್, ಆದರೂ ಸುಟ್ಟ ಜಾಗ ಒಂದೇ. ಇದು ಬಿಗಿಯುವವರ ಕೈಯ ದೋಷಕ್ಕಿಂತ ಆ ಜಾಗದ ದೋಷವನ್ನೇ ಹೆಚ್ಚಾಗಿ ಸೂಚಿಸುತ್ತದೆ. ಆ ದಿನ ನನಗೆ ಅದು ಹೊಳೆಯಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಕೈಬಿಟ್ಟ ಮೊದಲ ಸುಳಿವು ಅದು.

ಒಂದು ಕೆಲಸ ಮಾತ್ರ ಒಳ್ಳೆಯದಾಯಿತು. ಗಾಡಿ ಕಳುಹಿಸುವಾಗ, ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀರಿನ ಮಟ್ಟ ನೋಡಿ, ಹಾಕಿದ ನೀರನ್ನು ಲೀಟರ್ ಬಾಟಲಿಯಿಂದ ಅಳೆದು, ಅಂದು ಓಡಿದ ಕಿಲೋಮೀಟರಿನೊಂದಿಗೆ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕೆಂದು ಹೇಳಿದ್ದೆ. ಅರ್ಧ ಲೀಟರಿಗಿಂತ ಹೆಚ್ಚು ಇಳಿದರೆ ಗಾಡಿ ಓಡಿಸದೆ ಫೋನ್ ಮಾಡಬೇಕೆಂದೂ ಹೇಳಿದ್ದೆ.

ನೋಟುಬುಕ್ಕು ಹೇಳಿದ್ದು

ಏಳು ವಾರದ ಮೇಲೆ ಮಾಲೀಕರು ಫೋನ್ ಮಾಡಿದರು. “ಅಣ್ಣಾರ, ನೀರು ಎಲ್ಲಿ ಹೋಗ್ತೈತೋ ತಿಳೀವಲ್ತ್ರಿ” ಎಂದರು. ಗಾಡಿ ಕಾಯ್ದಿರಲಿಲ್ಲ, ಹೊಗೆಯಲ್ಲಿ ಬಿಳುಪಿರಲಿಲ್ಲ, ಎಣ್ಣೆ ಹಾಲಿನಂತಾಗಿರಲಿಲ್ಲ. ನೀರು ಮಾತ್ರ ದಿನಕ್ಕೆ ಅರ್ಧ ಲೀಟರ್ ಹತ್ತಿರ ಇಳಿಯುತ್ತಿತ್ತು.

ನೋಟುಬುಕ್ಕನ್ನು ಎರಡು ಸಲ ಓದಿದೆ. ಮೊದಲ ನಾಲ್ಕು ವಾರ ಹೆಚ್ಚುಕಡಿಮೆ ಏನೂ ಇಳಿದಿರಲಿಲ್ಲ. ಐದನೆಯ ವಾರದಿಂದ ಕಾಲು ಲೀಟರ್, ಆಮೇಲೆ ಅದಕ್ಕಿಂತ ಹೆಚ್ಚು. ನಡುವೆ ಮೂರು ದಿನ ಇಳಿತ ನಿಂತೇಹೋಗಿತ್ತು, ಆಮೇಲೆ ಮತ್ತೆ ಶುರುವಾಗಿತ್ತು. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಚಾಲಕ ಊರಿಗೆ ಹೋಗಿದ್ದರಿಂದ ಗಾಡಿ ಎರಡು ದಿನ ಮನೆಯ ಮುಂದೆ ನಿಂತಿತ್ತು. ಕಿಲೋಮೀಟರಿನ ಕಡೆ ಸೊನ್ನೆ, ನೀರಿನ ಕಡೆ ಕಾಲು ಲೀಟರ್.

ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದ್ದರೆ, ಎಂಜಿನ್ ಓಡುವಾಗ, ಅದರಲ್ಲೂ ಭಾರ ಎಳೆಯುವಾಗ, ನೀರು ಹೊರಚೆಲ್ಲುತ್ತದೆ. ನಿಂತ ಗಾಡಿಯಲ್ಲಿ ಆ ಒತ್ತಡ ಇರುವುದಿಲ್ಲ. ನಿಂತಾಗಲೂ ನೀರು ಇಳಿಯುತ್ತಿದೆಯೆಂದರೆ ಒಂದೋ ಅದು ಸಿಲಿಂಡರಿಗೆ ಜಿನುಗುತ್ತಿರಬೇಕು, ಇಲ್ಲವೇ ಹೊರಗೆ ಎಲ್ಲೋ ತೂತಿರಬೇಕು. ಅಲ್ಲಿಯವರೆಗೆ ನಾವೆಲ್ಲರೂ ಗ್ಯಾಸ್ಕೆಟ್ ಹೋದದ್ದರಿಂದ ನೀರು ಹೋಗುತ್ತಿದೆ ಎಂದು ನಂಬಿದ್ದೆವು. ಹಾಗಲ್ಲದೆ, ನೀರು ಹೋದದ್ದರಿಂದ ಗ್ಯಾಸ್ಕೆಟ್ ಹೋಗುತ್ತಿದೆಯೇ ಎಂಬ ಪ್ರಶ್ನೆ ನನಗೆ ಮೊದಲ ಬಾರಿ ಹುಟ್ಟಿದ್ದು ಆ ಸಾಲನ್ನು ಓದಿದಾಗ.

ಗಾಡಿ ತರಿಸಿಕೊಂಡೆ. ಬ್ಲಾಕ್ ಟೆಸ್ಟರ್ ಹಿಡಿದೆ. ಇಪ್ಪತ್ತು ನಿಮಿಷ ಎಂಜಿನ್ ಓಡಿಸಿದರೂ ದ್ರಾವಣ ನೀಲಿಯಾಗಿಯೇ ಉಳಿಯಿತು. ಗ್ಯಾಸ್ಕೆಟ್ ಗಟ್ಟಿಯಾಗಿದೆ ಎಂದಾಯಿತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಬಾಯಿಗೆ ಕೈಪಂಪು ಕಟ್ಟಿ 0.9 ಬಾರ್ ಒತ್ತಡ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಮುಳ್ಳು 0.75ಕ್ಕೆ ಇಳಿಯಿತು. ಹೋಸ್ ಪೈಪುಗಳು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಅಂಚುಗಳು, ಬ್ಲಾಕಿನ ಪಕ್ಕದ ಪ್ಲಗ್ಗುಗಳು ಎಲ್ಲವೂ ಒಣಗಿದ್ದವು. ಸಿಲಿಂಡರಿನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ತೆಗೆದು ಎಂಜಿನ್ ತಿರುಗಿಸಿದರೆ ನಾಲ್ಕೂ ಸಿಲಿಂಡರಿನಿಂದ ಒಣ ಗಾಳಿಯೇ ಬಂತು. ಒತ್ತಡ ಇಳಿಯುತ್ತಿದೆ, ಹನಿ ಮಾತ್ರ ಕಾಣುತ್ತಿಲ್ಲ.

ಹಳದಿ ಕಲೆ

ಆ ರಾತ್ರಿ ಗಾಡಿಯ ಕೆಳಗೆ ಮುಂದಿನಿಂದ ಹಿಂದಿನವರೆಗೆ ಹಳೆಯ ದಿನಪತ್ರಿಕೆ ಹಾಸಿ, ಒತ್ತಡ ತುಂಬಿ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ಕೆಳತೂತಿನ ನೇರಕ್ಕೆ ಅಂಗೈ ಅಗಲದ ಒದ್ದೆ ಇತ್ತು. ಕೆಲಸದ ಹುಡುಗ ಅದನ್ನು ನೋಡಿ, ಹಿಂದಿನ ಆಯಿಲ್ ಸೀಲ್ ಸೋರುತ್ತಿದೆ ಎಂದ. ಆ ಭಾಗದಲ್ಲಿ ಎಣ್ಣೆಯ ಜಿಡ್ಡು ಮೊದಲಿನಿಂದಲೂ ಇದ್ದುದರಿಂದ ಅವನ ಮಾತು ತಪ್ಪೆನಿಸಲಿಲ್ಲ. ಮೂರನೆಯ ದುರಸ್ತಿಯಲ್ಲಿ ನಾನೂ ಹಾಗೆಂದೇ ತಿಳಿದು ಅದರತ್ತ ಮತ್ತೆ ನೋಡಿರಲಿಲ್ಲ. ಆದರೆ ಕಾಗದದ ಮೇಲಿನ ಒದ್ದೆಯ ಅಂಚು ಎಣ್ಣೆಯಂತೆ ಪಾರದರ್ಶಕವಾಗಿ ಹರಡಿರಲಿಲ್ಲ. ಅದರ ಬಣ್ಣ ಮಾಸಿದ ಹಳದಿ.

ನಾನು ಹಾಕಿದ ಕೂಲಂಟ್ ಹಸಿರು. ಬೋರ್‌ವೆಲ್ ನೀರು ಸೇರಿ ತೆಳುವಾದರೂ ಅದು ಹಳದಿಯಾಗುವುದಿಲ್ಲ. ತುಕ್ಕಿನ ಬಣ್ಣವೂ ಇದಲ್ಲ. ರೇಡಿಯೇಟರ್ ಸೋರಿದಾಗ ದಾರಿಯಲ್ಲಿ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವ ರೂಢಿ ನಮ್ಮ ಕಡೆಯ ಚಾಲಕರಲ್ಲಿದೆ. ಅಂದು ಮಾಲೀಕರ ಜೊತೆ ಅವರ ತಂದೆಯೂ ಬಂದಿದ್ದರು. ಅವರ ಎಲೆ-ಅಡಿಕೆ ಚೀಲದಿಂದ ಚೂರು ಸುಣ್ಣ ಕೇಳಿ ಪಡೆದು, ನೀರಿನಲ್ಲಿ ಕದಡಿ ಆ ಕಲೆಯ ಮೇಲೆ ಹಚ್ಚಿದೆ. ಕಲೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುವುದು ನಮ್ಮ ಮನೆಗಳಲ್ಲಿ ಓಕುಳಿ, ಆರತಿ ಕದಡಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಅಂದರೆ ಕಾಗದದ ಮೇಲೆ ಬಿದ್ದದ್ದು ರೇಡಿಯೇಟರಿನಿಂದ ಬ್ಲಾಕಿನೊಳಗೆ ಹೋಗಿದ್ದ ನೀರು, ಮತ್ತು ಅದು ಹೊರಗೆ ಬರುತ್ತಿರುವುದು ಬೆಲ್ ಹೌಸಿಂಗಿನ ಒಳಗಿನಿಂದ.

ಈಗ ಚಾಲಕನೊಂದಿಗೆ ಮಾತನಾಡಬೇಕಿತ್ತು. ಇಪ್ಪತ್ತೈದರೊಳಗಿನ ಹುಡುಗ, ಮೂರು ಸಲ ಹೆಡ್ ಹೋದಾಗಲೂ ಸ್ಟೀರಿಂಗ್ ಹಿಡಿದವನು ಅವನೇ ಆದ್ದರಿಂದ, ಗಾಡಿ ಓಡಿಸುವ ರೀತಿಯೇ ಸರಿಯಿಲ್ಲ ಎಂಬ ಮಾತನ್ನು ಮನೆಯವರಿಂದ ಕೇಳಿ ಕುಗ್ಗಿದ್ದ. ಮಾಲೀಕರ ಎದುರಿಗೆ ಕೇಳಿದರೆ ಅವನು ಬಾಯಿ ಬಿಡಲಾರ ಎಂದು ತಿಳಿದು, ಚಹಾ ಕುಡಿಯುವ ನೆಪದಲ್ಲಿ ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. “ಕಾಕಾರ, ಮಾಲಕರ ಮುಂದ ಹೇಳಬ್ಯಾಡ್ರಿ” ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ಮೊದಲ ಸಲ ಅಣ್ಣಿಗೇರಿಯ ಬಳಿ, ಆಮೇಲೆ ಅರಬೈಲಿನಲ್ಲಿ, ಈಗ ವಾರದ ಹಿಂದೆ ಒಂದು ಸಲ ಮತ್ತು ನನ್ನಲ್ಲಿಗೆ ಬರುವ ಎರಡು ದಿನ ಮೊದಲು ಇನ್ನೊಂದು ಸಲ ಅರಿಶಿನ ಹಾಕಿದ್ದ. ನೋಟುಬುಕ್ಕಿನಲ್ಲಿ ಮೂರು ದಿನ ನೀರು ಇಳಿಯದೆ ನಿಂತದ್ದಕ್ಕೆ ಕಾರಣ ಸಿಕ್ಕಿತು. ಮಾತಿನ ಕೊನೆಗೆ, ಕೇಳದೆಯೇ ಇನ್ನೊಂದು ವಿಷಯ ಹೇಳಿದ: ಬೆಳಿಗ್ಗೆ ಮೊದಲ ಸಲ ಗಾಡಿ ಎತ್ತುವಾಗ ಕ್ಲಚ್ ಗಡಗಡ ನಡುಗುತ್ತದೆ, ಎರಡು ಮೂರು ಸಲ ಒತ್ತಿ ಬಿಟ್ಟ ಮೇಲೆ ಸರಿಹೋಗುತ್ತದೆ. ಅದನ್ನು ಹಿಂದಿನ ಗ್ಯಾರೇಜಿನಲ್ಲಿ ಹೇಳಿದ್ದನಂತೆ, ಕ್ಲಚ್ ಪ್ಲೇಟ್ ಸವೆದಿದೆ, ಮುಂದೆ ನೋಡೋಣ ಎಂದಿದ್ದರಂತೆ. ನನಗೆ ಹೇಳಿರಲಿಲ್ಲ, ಏಕೆಂದರೆ ನಾನು ಕೇಳಿದ್ದು ನೀರಿನ ಬಗ್ಗೆ ಮಾತ್ರ.

ಒಣಗಿರಬೇಕಾದ ಕ್ಲಚ್ ಪ್ಲೇಟಿಗೆ ರಾತ್ರಿಯಿಡೀ ನೀರಿನ ಹಸಿ ತಗುಲಿದರೆ, ಆ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಹಿಂಚಕ್ರವಾದ ಫ್ಲೈವೀಲಿನ ಮೇಲೆ ತುಕ್ಕಿನ ತೆಳುಪರೆ ಕಟ್ಟಿ, ಬೆಳಗಿನ ಮೊದಲ ಹಿಡಿತದಲ್ಲಿ ಅದು ನಡುಗುತ್ತದೆ. ಎರಡು ಬೇರೆ ದೂರುಗಳೆಂದು ನಾವೆಲ್ಲ ತಿಳಿದದ್ದು ಒಂದೇ ದೂರಾಗಿತ್ತು.

ಗೇರ್‌ಬಾಕ್ಸ್ ಇಳಿಸಿದಾಗ

ಗೇರ್‌ಬಾಕ್ಸ್ ಇಳಿಸದೆ ಮುಂದೆ ಹೋಗುವಂತಿರಲಿಲ್ಲ. ಮಾಲೀಕರಿಗೆ ಇದು ಸುಲಭದ ಮಾತಲ್ಲ. ಮದುವೆಗಳ ಕಾಲ, ಎರಡು ಬಾಡಿಗೆ ಒಪ್ಪಿಕೊಂಡಿದ್ದರು. “ಮೂರು ಸಲ ಹೆಡ್ ಇಳಿಸಿದ್ವಿ, ಇನ್ನ ಗೇರ್‌ಬಾಕ್ಸೂ ಇಳಿಸ್ರಿ ಅಂದ್ರ ಹೆಂಗ್ರಿ ಅಣ್ಣಾರ?” ಎಂದರು. ಸೋರಿಕೆ ಮುಚ್ಚುವ ದ್ರಾವಣದ ಡಬ್ಬಿ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನು ಹಾಕಿ ಸೀಸನ್ ಕಳೆಯೋಣ ಎಂದೂ ಕೇಳಿದರು. ನಾನು ಒಪ್ಪಲಿಲ್ಲ. ತೂತು ಮುಚ್ಚುವ ವಸ್ತುವಿಗೆ ಯಾವುದು ತೂತು, ಯಾವುದು ರೇಡಿಯೇಟರಿನ ಸಣ್ಣ ಕೊಳವೆ ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಅರಿಶಿನ ಮಾಡಿದ್ದನ್ನೇ ಅದೂ ಮಾಡುತ್ತದೆ. ಕೊನೆಗೆ ಹೀಗೆ ಒಪ್ಪಂದವಾಯಿತು: ಗೇರ್‌ಬಾಕ್ಸ್ ಇಳಿಸಿ ಏನೂ ಸಿಗದಿದ್ದರೆ ಇಳಿಸಿ ಏರಿಸಿದ ಕೂಲಿ ನಾನು ಕೇಳುವುದಿಲ್ಲ. ಹುಡುಕುವ ಕೆಲಸಕ್ಕೆ ನಮ್ಮಲ್ಲಿ ದುಡ್ಡು ಸಿಗುವುದು ಕಷ್ಟ. ಬದಲಿಸಿದ ಸಾಮಾನಿಗಷ್ಟೇ ಬಿಲ್ ಎಂಬ ರೂಢಿ ಇರುವವರೆಗೆ ಮಿಸ್ತ್ರಿಗಳು ಹುಡುಕುವುದಕ್ಕಿಂತ ಬದಲಿಸುವುದನ್ನೇ ಆರಿಸಿಕೊಳ್ಳುತ್ತಾರೆ, ಇದು ನನ್ನ ಅನುಭವ.

ಫ್ಲೈವೀಲ್ ತೆಗೆದಾಗ ಬ್ಲಾಕಿನ ಹಿಂಗೋಡೆಯಲ್ಲಿ, ಗ್ಯಾರೇಜುಗಳಲ್ಲಿ ಡಮ್ಮಿ ಎನ್ನುವ ಕೋರ್ ಪ್ಲಗ್ ಕಾಣಿಸಿತು. ಬ್ಲಾಕನ್ನು ಎರಕ ಹೊಯ್ಯುವಾಗ ಒಳಗಿನ ಮರಳನ್ನು ಹೊರತೆಗೆಯಲು ಉಳಿಸಿದ ತೂತುಗಳನ್ನು ಇಂಥ ಬಟ್ಟಲಿನಾಕಾರದ ತಗಡಿನಿಂದ ಮುಚ್ಚಿರುತ್ತಾರೆ. ಉಕ್ಕಿನ ಆ ತಗಡಿನ ಕೆಳ ಅಂಚು ಒಳಗಿನಿಂದ ತುಕ್ಕು ತಿಂದು ತೆಳುವಾಗಿ, ಗುಂಡುಸೂಜಿಯ ಮೊನೆಯಷ್ಟು ತೂತಾಗಿತ್ತು. ಅದರಿಂದ ಕೆಳಕ್ಕೆ ಹಳದಿ ಗೆರೆಯೊಂದು ಹರಿದಿತ್ತು. ಗಾಡಿ ನಿಲ್ಲುತ್ತಿದ್ದದ್ದು ಎರೆಮಣ್ಣಿನ ಅಂಗಳದಲ್ಲಿ. ಬೆಲ್ ಹೌಸಿಂಗಿನಲ್ಲಿ ಅರ್ಧ ಆವಿಯಾಗಿ, ಉಳಿದದ್ದು ಹನಿಯಾಗಿ ಬಿದ್ದು ಆ ಮಣ್ಣಿನಲ್ಲಿ ಇಂಗಿಹೋಗುತ್ತಿತ್ತು. ಸಿಮೆಂಟ್ ನೆಲವಿದ್ದರೆ ಮೊದಲ ವರ್ಷವೇ ಯಾರ ಕಣ್ಣಿಗಾದರೂ ಬೀಳುತ್ತಿತ್ತೋ ಏನೋ.

ಪ್ಲಗ್ ಕಿತ್ತಾಗ ಇನ್ನೊಂದು ಸಂಗತಿ ಬಯಲಾಯಿತು. ಆ ತೂತಿನ ಹಿಂದೆ, ನಾಲ್ಕನೆಯ ಸಿಲಿಂಡರಿನ ಸುತ್ತ ನೀರು ಹರಿಯಬೇಕಾದ ಜಾಗದಲ್ಲಿ, ಬೂದುಬಣ್ಣದ ಸುಣ್ಣದ ಪದರವೂ ತುಕ್ಕಿನ ಕೆಸರೂ ಅರಿಶಿನವೂ ಸೇರಿ ಗಟ್ಟಿಯಾಗಿ ಕೂತಿದ್ದವು. ಗದಗ ಕಡೆಯ ಬೋರ್‌ವೆಲ್ ನೀರು ಗಡಸು; ಕಾಯಿಸಿದಾಗ ಅದರಲ್ಲಿ ಕರಗಿದ ಲವಣ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬೇರ್ಪಟ್ಟು ಬಿಸಿಯ ಗೋಡೆಗೆ ಅಂಟುತ್ತದೆ. ಚಹಾ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪದರವೇ ಇದು. ಶಾಖವನ್ನು ದಾಟಿಸುವುದರಲ್ಲಿ ಈ ಪದರ ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಹಿಂದೆ. ಸೋರಿದಷ್ಟು ಬೋರ್‌ವೆಲ್ ನೀರು ದಿನಾ ಹೊಸದಾಗಿ ತುಂಬುತ್ತಿದ್ದರಿಂದ, ದಿನಾ ಹೊಸ ಸುಣ್ಣವೂ ಒಳಗೆ ಹೋಗುತ್ತಿತ್ತು. ಪಂಪ್ ಇರುವುದು ಎಂಜಿನ್ನಿನ ಮುಂದೆ, ನಾಲ್ಕನೆಯ ಸಿಲಿಂಡರ್ ಕೊನೆಗೆ. ಹರಿವು ನಿಧಾನವಾಗುವ ಆ ಮೂಲೆಯಲ್ಲೇ ಕೆಸರು ಕೂರುವುದು ಸಹಜ.

ಇಷ್ಟಾದ ಮೇಲೆ ಸರಪಳಿಯ ಕೊಂಡಿಗಳು ಕೂಡಿಕೊಂಡವು. ಪ್ಲಗ್ಗಿನ ತೂತಿನಿಂದ ನೀರಿನ ಜೊತೆ ಒತ್ತಡವೂ ಹೋಗುತ್ತಿತ್ತು. ಹುಬ್ಬಳ್ಳಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ, 0.9 ಬಾರ್ ಒತ್ತಡ ಹಿಡಿದರೆ 118ರ ಆಸುಪಾಸಿನವರೆಗೆ ಕುದಿಯದೆ ನಿಲ್ಲುತ್ತದೆ. ಒತ್ತಡ ಕುಗ್ಗಿದಂತೆ ಈ ಅಂತರ ಕರಗುತ್ತದೆ. ಏರಿನಲ್ಲಿ ಮೊದಲು ಕುದಿಯುವುದು ಸುಣ್ಣ ಕಟ್ಟಿದ ನಾಲ್ಕನೆಯ ಸಿಲಿಂಡರಿನ ಸುತ್ತಲ ನೀರು. ಹೆಡ್ ಬಾಗುವುದು, ಗ್ಯಾಸ್ಕೆಟ್ ಸುಡುವುದು ಅಲ್ಲಿಯೇ. ಉಷ್ಣಾಂಶದ ಮುಳ್ಳು ಯಾಕೆ ಎಚ್ಚರಿಸಲಿಲ್ಲ ಎಂದು ಮಾಲೀಕರು ಕೇಳಿದರು. ಸೆನ್ಸರ್ ಇರುವುದು ಮುಂಬದಿಯಲ್ಲಿ, ಥರ್ಮೋಸ್ಟಾಟಿನ ಮನೆಯ ಹತ್ತಿರ, ಮೇಲ್ಗಡೆ. ನೀರು ಅದಕ್ಕಿಂತ ಕೆಳಗಿಳಿದರೆ ಸೆನ್ಸರ್ ಬರಿಯ ಗಾಳಿ, ಆವಿಯಲ್ಲಿ ನಿಲ್ಲುವುದರಿಂದ ಮುಳ್ಳು ಏರುವ ಬದಲು ಇಳಿಯಲೂಬಹುದು. ಅರಬೈಲಿನಲ್ಲಿ ಮುಳ್ಳು ನಡುವಿನಲ್ಲೇ ಇತ್ತು ಎಂದು ಹುಡುಗ ಹೇಳಿದ್ದನ್ನು ಮನೆಯವರು ನಂಬಿರಲಿಲ್ಲ. ಅವನು ಹೇಳಿದ್ದು ನಿಜವಿರಬೇಕು ಎಂದು ಅವರಿಗೆ ಅಂದೇ ತಿಳಿಸಿದೆ. ಅರಿಶಿನದ ವಿಷಯವನ್ನು ಹುಡುಗನೇ ಅಂದು ಸಂಜೆ ಮಾಲೀಕರಿಗೆ ಹೇಳಿದ.

ದುರಸ್ತಿಯ ಕೆಲಸ ಸಣ್ಣದು. ಹಿಂದಿನದರ ಜೊತೆ ಪಕ್ಕದ ಪ್ಲಗ್ಗುಗಳನ್ನೂ ತೆಗೆದು, ಎಲ್ಲದಕ್ಕೂ ಹಿತ್ತಾಳೆಯವನ್ನು ಕೂರಿಸಿದೆ. ಅದಕ್ಕೂ ಮೊದಲು ಆ ತೂತುಗಳ ಮೂಲಕವೇ ಬಾಗಿಸಿದ ತಂತಿಯಿಂದ ಕೆಸರು ಕೆದಕಿ, ನೀರು ಹೊಡೆದು, ನಾಲ್ಕನೆಯ ಸಿಲಿಂಡರಿನ ಸುತ್ತ ತಂತಿ ಸಲೀಸಾಗಿ ಆಡುವವರೆಗೆ ತೆಗೆದೆ; ಹೆಡ್ ಅಲ್ಯೂಮಿನಿಯಮ್ಮಿನದಾದ ಕಾರಣ ಆಮ್ಲ ಹಾಕುವ ಯೋಚನೆ ಬಿಟ್ಟೆ. ಆಯಿಲ್ ಸೀಲ್, ಕ್ಲಚ್ ಪ್ಲೇಟುಗಳನ್ನು ಗೇರ್‌ಬಾಕ್ಸ್ ಇಳಿದಾಗಲೇ ಬದಲಿಸಿದೆ. ಹೆಡ್ ಮುಟ್ಟಲಿಲ್ಲ. ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲು ಬೆರೆಸಿ ತುಂಬಿ, ಅದೇ ಮಿಶ್ರಣದ ಐದು ಲೀಟರ್ ಕ್ಯಾನನ್ನು ಗಾಡಿಯಲ್ಲಿಟ್ಟೆ. ಅದರ ರುಚಿ ಸಿಹಿ, ಒಳಗಿರುವುದು ವಿಷ. ಚೆಲ್ಲಿದ್ದನ್ನು ನಾಯಿ, ಕರು ನೆಕ್ಕದಂತೆ ತೊಳೆಯಬೇಕೆಂದು ಮನೆಯವರಿಗೆಲ್ಲ ಹೇಳಿದೆ.

ಆ ಮೇಲೆ ನಾನು ಬದಲಿಸಿಕೊಂಡದ್ದು

ಹೆಡ್ ಕೆಟ್ಟು ಬರುವ ಹಳೆಯ ಗಾಡಿಗಳಲ್ಲಿ ಈಗ ಬಿಚ್ಚುವ ಮೊದಲೊಮ್ಮೆ, ಕೂಡಿಸಿದ ಮೇಲೊಮ್ಮೆ, ತಣ್ಣಗಿನ ಎಂಜಿನ್ನಿಗೆ ರಾತ್ರಿಯಿಡೀ ಒತ್ತಡ ಕೊಟ್ಟು ಕಾಗದ ಹಾಸುತ್ತೇನೆ. ಮೂರನೆಯ ದುರಸ್ತಿಯ ದಿನ ಈ ಒಂದು ರಾತ್ರಿಯನ್ನು ಕೊಟ್ಟಿದ್ದರೆ ಆ ಕುಟುಂಬಕ್ಕೆ ಏಳು ವಾರದ ಆತಂಕವೂ ಎರಡು ಬಾಡಿಗೆಯೂ ಉಳಿಯುತ್ತಿದ್ದವು. ಗ್ಯಾಸ್ಕೆಟ್ ಹೊಸದಾಗಿದ್ದ ಮೊದಲ ವಾರಗಳಲ್ಲಿ ತೂತನ್ನು ಕೆಸರು, ಅರಿಶಿನ ಮುಚ್ಚಿಟ್ಟಿದ್ದರಿಂದ ಪ್ರತಿ ದುರಸ್ತಿಯೂ ಗೆದ್ದಂತೆ ಕಂಡಿತ್ತು. ಸುಟ್ಟ ಗ್ಯಾಸ್ಕೆಟ್ಟನ್ನು ಮಾಲೀಕರ ಕೈಗೇ ಕೊಟ್ಟು, ಸುಟ್ಟ ಜಾಗವನ್ನು ಬಣ್ಣದಿಂದ ಗುರುತಿಸಿ, ತಾರೀಖು ಬರೆಯುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಚಾಲಕನಿಗೆ ನೀರಿನ ಬಗ್ಗೆಯಷ್ಟೇ ಅಲ್ಲ, ಗಾಡಿಯಲ್ಲಿ ಬೇರೆ ಏನೆಲ್ಲ ಬದಲಾಗಿದೆ ಎಂದು ಮಾಲೀಕರಿಲ್ಲದಾಗ ಕೇಳುತ್ತೇನೆ.

ಈ ಗಾಡಿ ಇಂದಿಗೆ ಹದಿನಾಲ್ಕು ತಿಂಗಳು ಓಡಿದೆ, ನಡುವೆ ಎರಡು ಸಲ ಅರಬೈಲ ಘಟ್ಟ ಹತ್ತಿದೆ. ಕ್ಯಾನಿನ ಐದು ಲೀಟರಿನಲ್ಲಿ ಬಳಸಿದ್ದು ಒಂದಕ್ಕಿಂತ ಕಡಿಮೆ. ಹೆಡ್ಡನ್ನು ಇನ್ನೊಮ್ಮೆ ಉಜ್ಜುವಷ್ಟು ಲೋಹ ಉಳಿದಿಲ್ಲ, ಮುಂದೊಮ್ಮೆ ಕಾಯ್ದರೆ ಹೊಸ ಹೆಡ್ಡೇ ಗತಿ ಎಂದು ಮಾಲೀಕರಿಗೆ ಬರೆದುಕೊಟ್ಟಿದ್ದೇನೆ. ನೋಟುಬುಕ್ಕು ಈಗ ಎರಡನೆಯದು. ಅದನ್ನು ಬರೆಯುತ್ತಿರುವವನು ಅದೇ ಹುಡುಗ.